ಅನಿಲದ ವಿಶಿಷ್ಟ ಗುರುತ್ವ: ಮಾದರಿ ಕೆಟ್ಟರೆ ಮೀಟರೂ ಕೆಟ್ಟಂತೆ

ಕಲಬುರಗಿಯ ಕಪನೂರಿನಲ್ಲಾಗಲಿ ಬೀದರಿನ ಕೊಳಾರದಲ್ಲಾಗಲಿ, ಆರಿಫಿಸ್ ಪ್ಲೇಟಿನ (ನಡುವೆ ರಂಧ್ರವಿರುವ ತಟ್ಟೆಯ) ಮೀಟರಿನಿಂದ ನೈಸರ್ಗಿಕ ಅನಿಲವನ್ನು ಅಳೆಯುವವರು, ಹರಿವನ್ನು ಲೆಕ್ಕ ಹಾಕುವ ಫ್ಲೋ ಕಂಪ್ಯೂಟರಿಗೆ ವಿಶಿಷ್ಟ ಗುರುತ್ವ (ಗಾಳಿಗೆ ಹೋಲಿಸಿದರೆ ಅನಿಲ ಎಷ್ಟು ಭಾರ ಎಂಬ ಸಂಖ್ಯೆ) 0.60 ಎಂದು ಒಮ್ಮೆ ತುಂಬಿ, ಮುಂದೆ ಅದನ್ನು ಮುಟ್ಟದೇ ಇರುವುದುಂಟು. ಲೆಕ್ಕಕ್ಕೆ ಬರುವ ಹರಿವು ಈ ಸಂಖ್ಯೆಯ ವರ್ಗಮೂಲಕ್ಕೆ ವಿಲೋಮವಾಗಿರುವುದರಿಂದ, ನಿಜವಾದ ಮೌಲ್ಯ 0.58 ಆಗಿದ್ದರೆ ಮೀಟರು ಸುಮಾರು ಶೇ 1.7ರಷ್ಟು ಕಡಿಮೆ ತೋರಿಸುತ್ತದೆ. ಅನಿಲದ ಹರಿವಿಗೆ ಚಕ್ರ ತಿರುಗುವ ಟರ್ಬೈನ್ ಮೀಟರಿನಲ್ಲಿ ಇದರ ಪ್ರಭಾವ ಸಂಪೀಡ್ಯತೆಯ (ಒತ್ತಡಕ್ಕೆ ಅನಿಲ ಎಷ್ಟು ಕುಗ್ಗುತ್ತದೆ ಎಂಬುದರ) ಲೆಕ್ಕಕ್ಕಷ್ಟೇ ಸೀಮಿತ.

ನಿಜವಾದ ಮೌಲ್ಯ ತಿಳಿಯಲು ಅನಿಲದ ಮಾದರಿ ತೆಗೆದು ಅಳೆಯಬೇಕು. ಮೊದಲು, ಕೊಳವೆಯ ಮೇಲ್ಭಾಗದಿಂದ ಇಳಿದು, ತುದಿ ಕೊಳವೆಯ ನಡುವಣ ಮೂರನೆಯ ಒಂದು ಭಾಗದಲ್ಲಿರುವ ಶೋಧಕದಿಂದಲೇ (ಪ್ರೋಬ್, ಅಂದರೆ ಮಾದರಿ ತೆಗೆಯುವ ಸಣ್ಣ ನಳಿಕೆ) ಮಾದರಿ ತೆಗೆಯಿರಿ. ತಳದ ಡ್ರೈನ್ ವಾಲ್ವಿನಿಂದ ತೆಗೆದ ಮಾದರಿಯಲ್ಲಿ ಎಣ್ಣೆ, ನೀರು, ಧೂಳು ಸೇರಿರುತ್ತವೆ.

ಮುಂದಿನದು ಮಾದರಿ ತುಂಬುವ ಸಿಲಿಂಡರನ್ನು ಅದೇ ಅನಿಲದಿಂದ ತೊಳೆಯುವ ಹಂತ. ಹೆಚ್ಚಿನವರು ಎಡವುವುದು ಇಲ್ಲಿಯೇ. ವಾಲ್ವ್ ತೆರೆದು ಒಂದು ಸಲ ‘ಸುಯ್’ ಎನ್ನಿಸಿ ಮುಚ್ಚಿದರೆ ಒಳಗಿನ ಗಾಳಿ ಹೋಗುವುದಿಲ್ಲ. ಶೇ 1ರಷ್ಟು ಗಾಳಿ ಉಳಿದರೂ 0.58 ಎಂಬುದು 0.584 ಆಗುತ್ತದೆ. ಸಿಲಿಂಡರನ್ನು ಕೊಳವೆಯ ಒತ್ತಡದವರೆಗೆ ತುಂಬಿ, ವಾತಾವರಣದ ಒತ್ತಡದ ಸನಿಹಕ್ಕೆ ಖಾಲಿ ಮಾಡಿ, ಮತ್ತೆ ತುಂಬಬೇಕು. ಮೀಟರ್ ಗೇಜು 20 ಬಾರ್ ತೋರಿಸುತ್ತಿದ್ದರೆ ಮೊದಲ ತುಂಬುವಿಕೆಯಲ್ಲಿ ಸುಮಾರು ಶೇ 5ರಷ್ಟು ಗಾಳಿ ಇರುತ್ತದೆ, ಎರಡನೆಯದರಲ್ಲಿ ಶೇ 0.2, ಮೂರನೆಯದರಲ್ಲಿ ಶೇ 0.01, ಒತ್ತಡ ಕಡಿಮೆಯಿದ್ದಷ್ಟೂ ಸುತ್ತುಗಳು ಹೆಚ್ಚಬೇಕು. ಖಾಲಿ ಮಾಡುವಾಗ ಸಿಲಿಂಡರಿನ ಬಾಯಿಯಲ್ಲೇ ಅನಿಲವನ್ನು ಹಿಸುಕಬೇಡಿ. ಪ್ರತಿ ಬಾರ್ ಇಳಿತಕ್ಕೆ ಸುಮಾರು ಅರ್ಧ ಡಿಗ್ರಿ ತಂಪು ಹುಟ್ಟುವುದರಿಂದ ಭಾರವಾದ ಹೈಡ್ರೋಕಾರ್ಬನ್‌ಗಳು ದ್ರವವಾಗಿ ಗೋಡೆಗೆ ಅಂಟಿಕೊಂಡು, ಅಳತೆಗೆ ಬರುವ ಅನಿಲ ಹಗುರವಾಗುತ್ತದೆ. ಹೊರದಾರಿಗೆ ಉದ್ದದ ಸ್ಟೀಲ್ ಕೊಳವೆ ಜೋಡಿಸಿ, ಅದರ ತುದಿಯ ವಾಲ್ವಿನಲ್ಲಿ ಒತ್ತಡ ಇಳಿಸಿದರೆ ತಂಪು ಅಲ್ಲಿಗೇ ಉಳಿಯುತ್ತದೆ. ಹೊರಬಿಟ್ಟ ಅನಿಲ ಕಿಡಿಯಿಂದ ದೂರ, ತೆರೆದ ಜಾಗಕ್ಕೆ ಹೋಗಲಿ. ಅಗ್ಗದ ರಬ್ಬರ್ ನಳಿಕೆಯನ್ನಂತೂ ಹತ್ತಿರಕ್ಕೂ ತರಬೇಡಿ. ಅದು ಭಾರದ ಅಂಶಗಳನ್ನು ಹೀರಿಕೊಂಡು, ಮುಂದಿನ ಮಾದರಿಗೆ ಬಿಟ್ಟುಕೊಡುತ್ತದೆ.

ಇನ್ನೊಂದು ಎಚ್ಚರಿಕೆ: ನಮ್ಮ ಬೇಸಿಗೆಯ ಬಿಸಿಲಿನಿಂದ ತಂದ ಸಿಲಿಂಡರನ್ನು ಏಸಿ ಕೋಣೆಯ ಮೂಲೆಯಲ್ಲಿ ರಾತ್ರಿಯಿಡೀ ತಣ್ಣಗಿಟ್ಟು ಬೆಳಿಗ್ಗೆ ತೆರೆಯುವುದು ತಪ್ಪು. ಕೊಳವೆಯ ಉಷ್ಣಾಂಶಕ್ಕಿಂತ ತುಸು ಮೇಲಕ್ಕೆ ಅದನ್ನು ನಿಧಾನವಾಗಿ ಬೆಚ್ಚಗಾಗಿಸಿ, ಬಳಿಕ ಅಳೆಯಿರಿ. ಬಿಸಿಲಿನಲ್ಲಿ ಇಟ್ಟು ಕಾಯಿಸುವ ಒಳದಾರಿ ಅಪಾಯಕಾರಿ.

ಗುರುತ್ವ ಅಳೆಯುವ ಉಪಕರಣವನ್ನು ಶುದ್ಧ ಮೀಥೇನ್ (0.555) ಮತ್ತು ನೈಟ್ರೋಜನ್ (0.967) ಎರಡರಿಂದಲೂ ಸರಿಹೊಂದಿಸಿ, ಮಾದರಿಯನ್ನು ಹಾಯಿಸಿ, ಓದಿಕೊಳ್ಳಿ. ಸಣ್ಣ ರಂಧ್ರದ ಮೂಲಕ ಅನಿಲ ಹೊರಹರಿಯುವ ಕಾಲವನ್ನು ಗಾಳಿಯ ಕಾಲದಿಂದ ಭಾಗಿಸಿ ವರ್ಗ ಮಾಡುವ ಹಳೆಯ ಬುನ್ಸೆನ್–ಶಿಲ್ಲಿಂಗ್ ವಿಧಾನ ಪರೀಕ್ಷಿಸಿ ನೋಡಲು ಸಾಕು, ಬಿಲ್ಲಿಗೆ ಸಾಲದು. ಅನಿಲದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಲಭ್ಯವಿದ್ದರೆ ಸಂಯೋಜನೆಯಿಂದ ಲೆಕ್ಕ ಹಾಕಿದ ಗುರುತ್ವವನ್ನೇ ನಾನು ಒಪ್ಪುತ್ತೇನೆ. ಎರಡು ಮಾದರಿಗಳ ಉತ್ತರ 0.002ಕ್ಕಿಂತ ಹೆಚ್ಚು ಬೇರೆಯಾದರೆ ಎರಡನ್ನೂ ಬಿಟ್ಟು ಹೊಸದಾಗಿ ತೆಗೆಯಿರಿ.

ಊರಿನ ಎತ್ತರಕ್ಕಾಗಿ ಗುರುತ್ವಕ್ಕೆ ತಿದ್ದುಪಡಿ ಬೇಡ. ಅನಿಲ, ಗಾಳಿ ಎರಡನ್ನೂ ಒಂದೇ ಒತ್ತಡದಲ್ಲಿ ಹೋಲಿಸಲಾಗುತ್ತದೆ. ಆದರೆ ಅದೇ ಫ್ಲೋ ಕಂಪ್ಯೂಟರಿನಲ್ಲಿ ವಾತಾವರಣದ ಒತ್ತಡ 101.3 ಕಿಲೋಪಾಸ್ಕಲ್ ಎಂದಿದ್ದರೆ ತಿದ್ದಲೇಬೇಕು. ಸುಮಾರು 450 ಮೀಟರ್ ಎತ್ತರದ ಕಲಬುರಗಿಯಲ್ಲಿ ಅದು 96ರ ಆಸುಪಾಸಿನಲ್ಲಿರುತ್ತದೆ, ಬೀದರಿನಲ್ಲಿ ಇನ್ನೂ ಕಡಿಮೆ. ಗೇಜ್ ಒತ್ತಡ (ವಾತಾವರಣದ ಒತ್ತಡದ ಮೇಲಿನ ಒತ್ತಡ) 2 ಬಾರ್ ಇರುವಲ್ಲಿ ಈ ಒಂದೇ ತಪ್ಪು ಆರಿಫಿಸ್ ಮೀಟರಿನ ಹರಿವನ್ನು ಸುಮಾರು ಶೇ 0.9ರಷ್ಟು ಹೆಚ್ಚಿಸಿ ತೋರಿಸುತ್ತದೆ.