ನನ್ನ ಹೆಸರು ಯಾವ ಹಾಳ್ಯಾಗ ಅದ?

"ಮೂವತ್ತು ವರ್ಷದಿಂದ ಝೇಂಡಾ ಹಿಡ್ಕೊಂಡು ತಿರಗೀನಿ. ನನ್ನ ಹೆಸರು ಯಾವ ಹಾಳ್ಯಾಗ ಅದ ತೋರಸಪಾ."

ಯಡ್ರಾಮಿ ಕಡೆಯ ಕಾಕಾ ಒಬ್ಬರು ಜೇವರ್ಗಿಯ ನನ್ನ ಝೆರಾಕ್ಸ್ ಅಂಗಡಿಗೆ ಬಂದು ಹೀಗೆ ಕೇಳಿದರು. ಹಿಂದಿನ ವಾರವಷ್ಟೇ ನಾವು ಪಕ್ಷದ ಕಾರ್ಯಕರ್ತರ ಸಮಾವೇಶ ಮುಗಿಸಿದ್ದೆವು. ಶಾಮಿಯಾನದ ಬಿಲ್ಲು, ಮೈಕ್ ಸೆಟ್ಟಿನ ಬಿಲ್ಲು, ಹಾರ-ಶಾಲುಗಳ ಬಿಲ್ಲು ಎಲ್ಲ ನನ್ನ ಡ್ರಾವರಿನಲ್ಲಿ ಜೋಪಾನವಾಗಿದ್ದವು. ಆದರೆ ಯಾರು ಬಂದಿದ್ದರು, ಯಾವ ಊರಿನಿಂದ ಬಂದಿದ್ದರು ಎಂದು ಬರೆದಿಟ್ಟ ಒಂದು ಹಾಳಿಯೂ ಇರಲಿಲ್ಲ. ಕಾಕಾಗೆ ಚಹಾ ತರಿಸಿಕೊಟ್ಟೆ. ಅವರು ಅರ್ಧ ಕುಡಿದು ಎದ್ದುಹೋದರು. ಅವತ್ತು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಯಾವ ಪಕ್ಷ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಾನು ಹೇಳಹೊರಟ ಕೆಲಸ ಎಲ್ಲ ಪಕ್ಷಕ್ಕೂ ಒಂದೇ.

ಆ ಮೊದಲ ಸಮಾವೇಶವನ್ನು ನಾವು ಬಯಲಿನಲ್ಲಿ ಪೆಂಡಾಲ್ ಹಾಕಿ ಮಾಡಿದ್ದೆವು. ಹನ್ನೊಂದಕ್ಕೆ ಬರಬೇಕಿದ್ದ ನಾಯಕರು ಬಂದದ್ದು ಎರಡಕ್ಕೆ. ಆಮೇಲೆ ಒಂದು ತಾಸು ಸನ್ಮಾನವೇ ನಡೆಯಿತು. ಭಾಷಣ ಶುರುವಾಗುವಾಗ ಹೆಣ್ಣುಮಕ್ಕಳ ಕಡೆಯ ಕುರ್ಚಿಗಳು ಖಾಲಿಯಾಗತೊಡಗಿದವು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದು ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತವಾಗಿದೆ. ಯಾರ ಗಾಡಿಗೂ ಕಾಯದೆ ತಾವೇ ಬರುತ್ತಾರೆ. ಆದರೆ ಒಳಗಿನ ಹಳ್ಳಿಗಳಿಗೆ ಹೋಗುವ ಬಸ್ಸುಗಳೇ ಕಡಿಮೆ, ಒಂದು ತಪ್ಪಿದರೆ ಆ ದಿನಕ್ಕೆ ಮುಗಿಯಿತು. ಅವರು ಎದ್ದುಹೋದದ್ದು ಬೇಸರಕ್ಕಲ್ಲ, ಬಸ್ಸಿಗೆ. ವೇದಿಕೆ ಮೇಲಿದ್ದವರಿಗೆ ಅದು ತಿಳಿಯಲಿಲ್ಲ. "ಶಿಸ್ತು ಬೇಕು" ಎಂದು ಮೈಕಿನಲ್ಲಿ ಗದರಿದರು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮರುವರ್ಷ 84 ಬೂತ್‌ಗಳ ಜವಾಬ್ದಾರಿ ನನ್ನ ಹೆಗಲಿಗೆ ಬಂತು. ನಾನು ಮೊದಲು ಮಾಡಿದ ಕೆಲಸ, ನನ್ನ ಅಂಗಡಿಯಿಂದಲೇ ದಪ್ಪ ರಟ್ಟಿನ ಒಂದು ರಿಜಿಸ್ಟರ್ ತೆಗೆದು ಬೂತಿಗೆ ಒಂದು ಪುಟದಂತೆ ಗೆರೆ ಹಾಕಿದ್ದು. ಮೇಲೆ ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕೆಳಗೆ ಐದು ಹೆಸರಿಗೆ ಜಾಗ. ಐದೇ ಯಾಕೆಂದರೆ, ಚುನಾವಣಾ ಆಯೋಗ 2025ರಲ್ಲಿ ಒಂದು ಮತಗಟ್ಟೆಯ ಗರಿಷ್ಠ ಮತದಾರರ ಸಂಖ್ಯೆಯನ್ನು 1,500ರಿಂದ 1,200ಕ್ಕೆ ಇಳಿಸಿದೆ. ನಮ್ಮ ಕಡೆ ಮನೆಗೆ ನಾಲ್ಕೈದು ಮತ ಹಿಡಿದರೆ 240ರಿಂದ 300 ಮನೆ. ಐದು ಜನ ಹಂಚಿಕೊಂಡರೆ ಒಬ್ಬರಿಗೆ ಐವತ್ತು-ಅರವತ್ತು ಮನೆ. ಅಷ್ಟು ಮನೆಯಲ್ಲಿ ಯಾರು ತೀರಿಕೊಂಡರು, ಯಾರು ಸೊಸೆಯಾಗಿ ಬಂದರು, ಯಾರು ಪುಣೆಗೆ ಗುಳೆ ಹೋದರು ಎಂಬುದು ಮನುಷ್ಯನ ನೆನಪಿನಲ್ಲಿ ಇರುತ್ತದೆ.

ಆಮೇಲೆ ತಾರೀಖು. ಮೇಲಿನಿಂದ ಬಂದ ತಾರೀಖು ಸರಿಯಾಗಿ ಎಳ್ಳ ಅಮಾವಾಸ್ಯೆಗೆ ಬಿದ್ದಿತ್ತು. ಅವತ್ತು ಊರಿಗೆ ಊರೇ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತದೆ, ಅಂದರೆ ಭೂತಾಯಿಗೆ ನೈವೇದ್ಯ ಚೆಲ್ಲುತ್ತದೆ. ಸಜ್ಜಿ ರೊಟ್ಟಿ, ಭಜ್ಜಿ ಬುತ್ತಿ ಕಟ್ಟಿಕೊಂಡವರನ್ನು ಮಂಟಪದೊಳಗೆ ಕೂಡಿಸಲು ಆದೀತೇ? ಫೋನ್ ಮಾಡಿ, "ಸಾಹೇಬ್ರ, ಅವತ್ತು ಇಟ್ರ ನೀವು ನಾವಷ್ಟೇ ಇರ್ತೀವ್ರಿ" ಅಂದೆ. ತೊಗರಿ ರಾಶಿ ಮುಗಿದು, ಬಿಳಿಜೋಳ ಇನ್ನೂ ಕಟಾವಿಗೆ ಬಾರದ ಒಂದೆರಡು ವಾರ ನಮ್ಮ ತಾಲ್ಲೂಕಿನಲ್ಲಿ ಸಿಗುತ್ತದೆ. ಅದರಲ್ಲೂ ಸೋಮವಾರ ಆರಿಸಿದೆ. ಬಸವಣ್ಣನ ವಾರ ಎಂದು ಬಹಳ ಮನೆಗಳಲ್ಲಿ ಇವತ್ತಿಗೂ ಎತ್ತು ಹೂಡುವುದಿಲ್ಲ. ಭಾನುವಾರ ರಜೆ ಬೇಕಾದದ್ದು ನೌಕರರಿಗೆ. ಸರ್ಕಾರಿ ನೌಕರರು ಪಕ್ಷದ ಸದಸ್ಯರಾಗುವಂತೆಯೇ ಇಲ್ಲ. ಅಭಿಮಾನದಿಂದ ಬರುತ್ತೇನೆಂದ ಮೇಷ್ಟ್ರೊಬ್ಬರನ್ನು ನಾನೇ ಕೈಮುಗಿದು ಬೇಡವೆಂದೆ. ಅವರ ನೌಕರಿಗೆ ಕುತ್ತು ತಂದು ನಾವು ಗಳಿಸುವುದಾದರೂ ಏನು?

ಮೂರು ವಾರ ಊರೂರು ತಿರುಗಿದೆ. ನೆಲೋಗಿ, ಮಂದೇವಾಲ, ಜೇರಟಗಿ, ಅಂದೋಲ. ಅಂಗಡಿಯನ್ನು ತಮ್ಮ ನೋಡಿಕೊಂಡ. ಕಟ್ಟೆಯ ಮೇಲೆ ಕೂತವರ ಹೆಸರು ಬರೆದುಕೊಂಡು ಬಂದರೆ ಸಾಲದು ಎಂದು ಎರಡನೇ ದಿನಕ್ಕೇ ಗೊತ್ತಾಯಿತು. ಕಟ್ಟೆಯ ಮೇಲೆ ಯಾವಾಗಲೂ ಅದೇ ನಾಲ್ಕು ಜನ. ಲಂಬಾಣಿ ತಾಂಡಾಗಳಲ್ಲಿ ಮೊದಲು ಅಲ್ಲಿನ ಮುಖ್ಯಸ್ಥರಾದ ನಾಯಕ, ಕಾರಭಾರಿಗಳ ಮನೆಗೆ ಹೋಗಿ ಕೂತೆ. ದುಡಿಯುವ ವಯಸ್ಸಿನವರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗಿದ್ದರು. ಅವರ ಫೋನ್ ನಂಬರ್ ಬರೆದುಕೊಂಡು ಅಲ್ಲಿಂದಲೇ ಮಾತಾಡಿದೆ. ಹೆಣ್ಣುಮಕ್ಕಳ ಹೆಸರು ಕೇಳಿದರೆ "ಭೀಮರಾಯನ ಹೆಂಡ್ತಿ ಅಂತ ಬರ್ಕೋರಿ" ಎನ್ನುವ ಉತ್ತರ ಮತ್ತೆ ಮತ್ತೆ ಬಂತು. "ಯಕ್ಕಾ, ವೋಟರ್ ಕಾರ್ಡಿನ್ಯಾಗ ಹಂಗ ಅದ ಏನು?" ಎಂದು ಕೇಳಿ ಅವರದೇ ಹೆಸರು ಬರೆಸಿಕೊಂಡೆ. ಒಬ್ಬ ಅಕ್ಕ ಒಳಗಿಂದ ಕಾರ್ಡ್ ತಂದು ತನ್ನ ಹೆಸರನ್ನು ಬೆರಳಿಟ್ಟು ಓದಿ ತೋರಿಸಿದಳು.

ಹೊಸದಾಗಿ ಸೇರಬಯಸುವ ಹುಡುಗರು ಕೇಳುವುದು ಒಂದೇ: "ಅಣ್ಣಾ, ನನಗೇನು ಹುದ್ದೆ?" ನಾನು ಹುದ್ದೆ ಕೊಡುವುದಿಲ್ಲ, ಕೆಲಸ ಕೊಡುತ್ತೇನೆ. ಡಿಗ್ರಿ ಓದುವ ಒಬ್ಬನಿಗೆ ನೀರು, ಇನ್ನೊಬ್ಬನಿಗೆ ಗಾಡಿ ನಿಲ್ಲಿಸುವ ಜಾಗ, ಮತ್ತೊಬ್ಬನಿಗೆ ಬಸ್ ನಿಲ್ದಾಣದಿಂದ ಮಂಟಪದವರೆಗೆ ದಾರಿ ತೋರಿಸುವುದು. ಹದಿನೆಂಟು ತುಂಬದವರನ್ನು ಮನೆಗೆ ಕಳಿಸುತ್ತೇನೆ. ನೀರಿನ ಕೆಲಸ ಸಣ್ಣದೆಂದು ಮುಖ ಊದಿಸಿಕೊಂಡವನಿಗೆ ಬೆಳಗಾವಿಯ ಕಥೆ ಹೇಳಿದೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನಕ್ಕೆ ನೀರು ಬೇಕೆಂದು ಬಾವಿ ತೋಡಿದ್ದರು. ಅದು ಇವತ್ತಿಗೂ ಕಾಂಗ್ರೆಸ್ ಬಾವಿ ಎಂದು ಉಳಿದಿದೆ. ಅದರ ಹಿಂದಿನ ವರ್ಷವಷ್ಟೇ ಡಾ. ನಾ.ಸು. ಹರ್ಡೀಕರ್ ಹಿಂದೂಸ್ತಾನಿ ಸೇವಾದಳ ಎಂಬ ಸ್ವಯಂಸೇವಕರ ಪಡೆ ಕಟ್ಟಿದ್ದರು. ಹುಡುಗ ಕೇಳಿಸಿಕೊಂಡ. ಸಮಾವೇಶದ ದಿನ ಇಪ್ಪತ್ತು ಲೀಟರಿನ ಕ್ಯಾನುಗಳನ್ನು ಹೊತ್ತು ಹೊತ್ತು ಅವನ ಅಂಗಿ ತೊಯ್ದುಹೋಗಿತ್ತು.

ಜಾಗಕ್ಕೆ ಈ ಸಲ ಬಯಲು ಬಿಟ್ಟು ಕಲ್ಯಾಣ ಮಂಟಪ ಹಿಡಿದೆ. "ಬಯಲಿನ್ಯಾಗ ಜನ ಭಾಳ ಕಾಣ್ತಾರ" ಎಂದು ಜಗಳವಾಯಿತು. ನನ್ನ ಲೆಕ್ಕ ಬೇರೆ ಇತ್ತು. ಮಂಟಪದಲ್ಲಿ ಶೌಚಾಲಯ ಇರುತ್ತದೆ. ಬಯಲಿನಲ್ಲಿ ಹೆಣ್ಣುಮಕ್ಕಳು ಮುಂಜಾನೆಯಿಂದ ನೀರೇ ಕುಡಿಯದೆ ಕೂತಿರುತ್ತಾರೆ, ಕೇಳಿದರೆ ಬಾಯಿಬಿಟ್ಟು ಹೇಳುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟದ್ದು ನನ್ನ ಹೆಂಡತಿ.

ಪೊಲೀಸ್ ಠಾಣೆಗೆ ದಿನ, ವೇಳೆ, ಜನಸಂಖ್ಯೆ, ಧ್ವನಿವರ್ಧಕ ಎಲ್ಲ ಬರೆದು ಅರ್ಜಿ ಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆ. ಚುನಾವಣೆ ಘೋಷಣೆಯಾದ ಮೇಲಾದರೆ ಈ ಅರ್ಜಿ ಚುನಾವಣಾಧಿಕಾರಿಯ ಕಚೇರಿಗೆ ಅಥವಾ ಚುನಾವಣಾ ಆಯೋಗದ ಸುವಿಧಾ ಪೋರ್ಟಲ್ ಮೂಲಕ ಹೋಗಬೇಕು. ಅರ್ಜಿ ಬರೆಯುವಾಗ ಅಜ್ಜನ ನೆನಪಾಯಿತು. ನಿಜಾಮನ ಆಳ್ವಿಕೆಯಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸನ್ನು 1938ರಲ್ಲೇ ನಿಷೇಧಿಸಿದ್ದರು. ಅದು ತೆರವಾದದ್ದು 1946ರಲ್ಲಿ. ಆ ಕಾಲದ ಜನ ಗುಡಿಯಲ್ಲಿ ಭಜನೆಗೆಂದು ಕೂಡಿ ಮಾತಾಡುತ್ತಿದ್ದರಂತೆ. ನಾನು ಒಂದು ಹಾಳಿ ಬರೆದು ಮುದ್ರೆ ಹಾಕಿಸಿಕೊಂಡು ಬಂದೆ.

ಸಮಾವೇಶದ ದಿನ ಬಾಗಿಲಲ್ಲೇ ಆರು ಮೇಜು ಹಾಕಿದ್ದೆ, ಮೇಜಿಗೆ 14 ಬೂತ್. ಬಂದವರು ಹೆಸರು ಹೇಳಿ, ರಿಜಿಸ್ಟರಿನಲ್ಲಿ ಸಹಿ ಇಲ್ಲವೆ ಹೆಬ್ಬೆಟ್ಟು ಹಾಕಿ ಒಳಗೆ ಹೋಗಬೇಕು. ಅಲ್ಲೇ ಬಿಎಲ್‌ಎ-2 ನಮೂನೆಯನ್ನೂ ಇಟ್ಟಿದ್ದೆ. ಬೂತ್ ಮಟ್ಟದ ಏಜೆಂಟ್ ಎಂದು ಪಕ್ಷ ಒಬ್ಬರನ್ನು ನೇಮಿಸುವುದು ಈ ಹಾಳಿಯಿಂದ. ಇದಕ್ಕೆ ಸಹಿ ಹಾಕುವ ಅಧಿಕಾರವನ್ನು ಪಕ್ಷ ಮೊದಲೇ ಬಿಎಲ್‌ಎ-1ರಲ್ಲಿ ಒಬ್ಬರಿಗೆ ಕೊಟ್ಟಿರಬೇಕು. ಹೀಗೆ ನೇಮಕವಾದವರು ಮತದಾರರ ಪಟ್ಟಿಯ ಸಾಮಾನ್ಯ ಪರಿಷ್ಕರಣೆಯ ಸಮಯದಲ್ಲಿ ಸರ್ಕಾರದ ಬೂತ್ ಮಟ್ಟದ ಅಧಿಕಾರಿಗೆ, ಅಂದರೆ ಬಿಎಲ್‌ಒಗೆ ದಿನಕ್ಕೆ 10 ಅರ್ಜಿಗಳವರೆಗೆ ಒಟ್ಟಾಗಿ ಕೊಡಬಹುದು. ಪಟ್ಟಿಗೆ ಹೆಸರು ಸೇರಿಸಲು ನಮೂನೆ 6, ತೆಗೆಯಲು 7, ತಿದ್ದಲು 8. ಇಲ್ಲೊಂದು ಎಡವಟ್ಟಾಯಿತು. ಊರಲ್ಲಿ ಶರಣಪ್ಪ ಎಂದು ಕರೆಸಿಕೊಳ್ಳುವವರು ಪಟ್ಟಿಯಲ್ಲಿ ಶರಣಬಸಪ್ಪ. ವೋಟರ್ ಕಾರ್ಡ್ ತರಲು ಹೇಳುವುದನ್ನೇ ನಾನು ಮರೆತಿದ್ದೆ. ಅಂಗಡಿಯಿಂದ ಮತದಾರರ ಪಟ್ಟಿಯ ಕಟ್ಟು ತರಿಸಿ ಒಂದೊಂದೇ ಹೆಸರು ಹುಡುಕುವುದರಲ್ಲಿ ಮುಕ್ಕಾಲು ತಾಸು ಹೋಯಿತು. ನೀವು ಮಾಡುವುದಾದರೆ ಆಮಂತ್ರಣದಲ್ಲೇ ಕಾರ್ಡ್ ತರಲು ಬರೆಯಿರಿ.

ಹನ್ನೊಂದಕ್ಕೆ ಶುರು, ಮೂರಕ್ಕೆ ಮುಕ್ತಾಯ. ಮೊದಲ ಒಂದೂವರೆ ತಾಸು ವೇದಿಕೆಯ ಮೇಲೆ ಯಾರೂ ಇರಲಿಲ್ಲ. ಮೈಕು ಕೆಳಗೆ ಕೂತವರ ಕೈಯಲ್ಲಿತ್ತು. ಬೂತಿಗೆ ಎರಡು ನಿಮಿಷ ಎಂದರೂ ಎಲ್ಲರಿಗೂ ವೇಳೆ ಸಾಲದು ಎಂದು ಹೋಬಳಿಗೆ ಇಷ್ಟು ಮಂದಿ ಎಂದು ಅವರವರೇ ಆರಿಸಿಕೊಂಡರು. ಒಬ್ಬ ಅಜ್ಜ, ಭೀಮಾ ನದಿಗೆ ಮಹಾಪೂರ ಬಂದಾಗ ಪಕ್ಷದ ಯಾರೂ ತಮ್ಮೂರಿಗೆ ಬರಲಿಲ್ಲ ಎಂದು ನೇರವಾಗಿ ಹೇಳಿದರು. ಸಭೆ ಗಪ್ಪಾಯಿತು. ಮುಂದಿನ ಸಾಲಿನಲ್ಲಿದ್ದ ನಾಯಕರು ಆ ಮಾತನ್ನು ಡೈರಿಯಲ್ಲಿ ಬರೆದುಕೊಂಡರು. ಆಮೇಲೆ ನಿರ್ಣಯಗಳು, ಭಾಷಣ. ಸನ್ಮಾನ ಇಡಲೇ ಇಲ್ಲ. ಅದಕ್ಕಾಗಿ ಇಬ್ಬರು ಹಿರಿಯರು ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಊಟಕ್ಕೆ ಸ್ವಸಹಾಯ ಸಂಘದ ಅಕ್ಕಂದಿರು ಹಿಂದಿನ ಎರಡು ದಿನ ಬಡಿದ ಖಡಕ್ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಗೋಧಿ ಹುಗ್ಗಿ, ಅನ್ನ-ಸಾರು. ಹಿಂಡಿ ಮೊದಲು ಖಾಲಿಯಾಯಿತು.

ದುಡ್ಡಿನ ಮಾತು. ದಿನಗೂಲಿ ಕೊಟ್ಟು ಜನ ತರುವುದಕ್ಕೆ ನಾನು ಒಪ್ಪಲಿಲ್ಲ. ಹಾಗೆ ಬಂದವರು ರಿಜಿಸ್ಟರಿಗೆ ಹೆಸರು ಕೊಡುತ್ತಾರೆ, ಮನೆಮನೆಗೆ ಹೋಗುವುದಿಲ್ಲ. ಬಸ್ಸಿಲ್ಲದ ಊರುಗಳಿಗೆ ಕ್ರೂಸರ್ ಹೇಳಿದ್ದೆವು. ಟಾಟಾ ಏಸ್, ಟ್ರ್ಯಾಕ್ಟರಿನಲ್ಲಿ ಯಾರನ್ನೂ ಹತ್ತಿಸಬಾರದೆಂದು ಕಟ್ಟುನಿಟ್ಟು ಮಾಡಿದ್ದೆ. 2,000 ರೂಪಾಯಿ ಮೀರಿದ ದೇಣಿಗೆಯನ್ನು ನಗದಾಗಿ ಮುಟ್ಟಲಿಲ್ಲ, ಎಲ್ಲಕ್ಕೂ ಪಕ್ಷದ ರಸೀದಿ. 20,000 ದಾಟಿದ ದೇಣಿಗೆಯ ವಿವರವನ್ನು ಪಕ್ಷ ಚುನಾವಣಾ ಆಯೋಗಕ್ಕೆ ಸಲ್ಲಿಸಬೇಕಾಗುತ್ತದೆ. ನಮ್ಮ ಮಟ್ಟದಲ್ಲಿ ಅಷ್ಟು ಕೊಟ್ಟವರು ಯಾರೂ ಇರಲಿಲ್ಲ.

420 ಹೆಸರಿಗೆ ಜಾಗ ಮಾಡಿದ್ದ ರಿಜಿಸ್ಟರಿನಲ್ಲಿ ಅವತ್ತು 386 ಸಹಿ ಬಿದ್ದವು. ಬಿಎಲ್‌ಎ-2 ಪೂರ್ತಿಯಾದದ್ದು 61 ಬೂತಿಗೆ. ಮರುದಿನದಿಂದ ಹತ್ತು ದಿನ, ಅಂಗಡಿ ಮುಚ್ಚಿದ ಮೇಲೆ ಅಷ್ಟೂ ಜನರಿಗೆ ಫೋನ್ ಹಚ್ಚಿದೆ. "ಮನಿ ಮುಟ್ಟಿದ್ರೇನ್ರೀ?" ಎಂದು ಕೇಳಿದರೆ ಆಚೆಯವರು ಒಂದು ಗಳಿಗೆ ಸುಮ್ಮನಾಗುತ್ತಿದ್ದರು, ಆಮೇಲೆ ಮಾತು ಉದ್ದವಾಗುತ್ತಿತ್ತು.

ಯಡ್ರಾಮಿಯ ಕಾಕಾ ಈಗ ತಮ್ಮ ಬೂತಿನ ಏಜೆಂಟ್. ಹೋದ ವಾರ ಅಂಗಡಿಗೆ ಬಂದು ನಾಲ್ಕು ನಮೂನೆ 6 ಮೇಜಿನ ಮೇಲಿಟ್ಟರು. ಎಲ್ಲವೂ ಹೊಸದಾಗಿ ಹದಿನೆಂಟು ತುಂಬಿದ ಮಕ್ಕಳವು. "ಎರಡೆರಡು ಪ್ರತಿ ತಗಿ, ಒಂದು ನನ್ನ ಹತ್ರ ಇರ್ಲಿ" ಅಂದರು. ಈ ಸಲ ಚಹಾ ಪೂರ್ತಿ ಕುಡಿದರು. ಏಜೆಂಟ್ ಇಲ್ಲದ 23 ಬೂತ್ ಇನ್ನೂ ಉಳಿದಿವೆ. ಬರುವ ಸೋಮವಾರ ಜೇರಟಗಿ ಕಡೆಗೆ ಹೊರಟಿದ್ದೇನೆ, ಕಾಕಾನೂ ಬರುತ್ತೇನೆಂದಿದ್ದಾರೆ.