ಬಂಡವಾಳ ಕೇಳುವ ಮುನ್ನ ಮೂರು ಪುಟ ಬರೆಯಿರಿ

ಹೂಡಿಕೆದಾರರ ಭೇಟಿ ನಿಗದಿಯಾದ ಕೂಡಲೇ ಹೆಚ್ಚಿನ ನವೋದ್ಯಮಿಗಳು ಸ್ಲೈಡ್ ತಯಾರಿಗೆ ಕೂರುತ್ತಾರೆ. ಅದಕ್ಕೂ ಮೊದಲು ಉದ್ಯಮದ ವಿವರವನ್ನು ಮೂರು ಪುಟಗಳ ಗದ್ಯದಲ್ಲಿ ಬರೆಯುವುದು ಲೇಸು. ಸ್ಲೈಡಿನಲ್ಲಿ ದೊಡ್ಡ ಮಾರುಕಟ್ಟೆ, ಕಡಿಮೆ ವೆಚ್ಚ ಎಂದು ಒಂದರ ಕೆಳಗೊಂದು ಬರೆದು ಮುಗಿಸಬಹುದು; ಪೂರ್ಣ ವಾಕ್ಯದಲ್ಲಿ ಬರೆಯುವಾಗ ಒಂದಕ್ಕೆ ಇನ್ನೊಂದು ಹೇಗೆ ಕಾರಣ ಎಂಬುದನ್ನು ಹೇಳಲೇಬೇಕಾಗುತ್ತದೆ. ಅಮೆಜಾನ್‌ನ ಹಿರಿಯ ಅಧಿಕಾರಿಗಳ ಸಭೆಗಳಲ್ಲಿ ಜೆಫ್ ಬೆಜೋಸ್ 2004ರಲ್ಲಿ ಪವರ್‌ಪಾಯಿಂಟ್ ನಿಲ್ಲಿಸಿದರು. ಅದರ ಬದಲು ಆರು ಪುಟದ ಟಿಪ್ಪಣಿಯನ್ನು ಸಭೆಯ ಆರಂಭದಲ್ಲಿ ಎಲ್ಲರೂ ಮೌನವಾಗಿ ಓದುವ ಪದ್ಧತಿ ಅಲ್ಲಿ ಬೆಳೆಯಿತು.

ಮೊದಲು ಸಮಸ್ಯೆಯನ್ನು ಬರೆಯಿರಿ. ಕೊಬ್ಬರಿಯ ತೇವಾಂಶ ಅಳೆಯುವ ಉಪಕರಣವೊಂದನ್ನು ತಯಾರಿಸುವ ಕಂಪನಿ ನಿಮ್ಮದು ಎಂದುಕೊಳ್ಳಿ. ‘ಕೃಷಿ ಕ್ಷೇತ್ರದಲ್ಲಿ ಕ್ರಾಂತಿ’ ಎಂಬ ಮಾತಿನಿಂದ ಯಾರಿಗೂ ಏನೂ ತಿಳಿಯದು. ತಿಪಟೂರಿನ ಮಾರುಕಟ್ಟೆಯಲ್ಲಿ ಇಂದು ತೇವಾಂಶವನ್ನು ಯಾರು, ಹೇಗೆ ಅಂದಾಜು ಮಾಡುತ್ತಾರೆ, ಅಂದಾಜು ತಪ್ಪಿದರೆ ನಷ್ಟ ರೈತನಿಗೋ ವರ್ತಕನಿಗೋ, ಉಪಕರಣಕ್ಕೆ ಹಣ ಕೊಡುವವರು ಇವರಲ್ಲಿ ಯಾರು ಎಂಬುದನ್ನು ಬರೆಯಿರಿ. ಕೊನೆಯ ಪ್ರಶ್ನೆಗೆ ಒಂದೇ ವಾಕ್ಯದಲ್ಲಿ ಉತ್ತರ ಬರೆಯಲಾಗದಿದ್ದರೆ ಹೂಡಿಕೆದಾರರ ಬಳಿ ಹೋಗುವ ಕಾಲ ಇನ್ನೂ ಬಂದಿಲ್ಲ.

ಎರಡನೆಯ ಪುಟ ಲೆಕ್ಕದ್ದು. ಬ್ಯಾಂಕಿನಲ್ಲಿ 60 ಲಕ್ಷ ರೂಪಾಯಿ ಇದ್ದು, ಆದಾಯ ಕಳೆದು ತಿಂಗಳಿಗೆ 5 ಲಕ್ಷ ಕರಗುತ್ತಿದ್ದರೆ ಉಳಿದಿರುವುದು 12 ತಿಂಗಳು. ಬಂಡವಾಳ ಸಂಗ್ರಹವೇ ಹಲವು ತಿಂಗಳು ತಿನ್ನುವುದರಿಂದ ಕೈ ಖಾಲಿಯಾಗುವವರೆಗೆ ಕಾಯಬಾರದು. ಪಾಲು ಎಷ್ಟು ಹೋಗುತ್ತದೆ ಎಂಬುದನ್ನೂ ಬಿಡಿಸಿ ಬರೆಯಿರಿ: ಹೂಡಿಕೆಗೆ ಮುಂಚಿನ ಮೌಲ್ಯ 8 ಕೋಟಿ, ಬರುವ ಹಣ 2 ಕೋಟಿ ಎಂದಾದರೆ ನಂತರದ ಮೌಲ್ಯ 10 ಕೋಟಿ, ಹೂಡಿಕೆದಾರರ ಪಾಲು ಶೇ 20. ಇದರ ಜೊತೆಗೆ ಹೂಡಿಕೆಯ ನಂತರದ ಒಟ್ಟು ಷೇರುಗಳಲ್ಲಿ ಶೇ 10ರಷ್ಟನ್ನು ನೌಕರರಿಗಾಗಿ ಮುಂಚಿನ ಮೌಲ್ಯದೊಳಗೇ, ಅಂದರೆ ಸಂಸ್ಥಾಪಕರ ಪಾಲಿನಿಂದಲೇ, ಮೀಸಲಿಡಬೇಕೆಂಬ ಷರತ್ತಿದ್ದರೆ ಸಂಸ್ಥಾಪಕರಿಗೆ ಉಳಿಯುವುದು ಶೇ 80 ಅಲ್ಲ, ಶೇ 70. ಮಾತುಕತೆಯ ಬಿಸಿಯಲ್ಲಿ ಈ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ಮೂರನೆಯ ಪುಟದಲ್ಲಿ ಎಷ್ಟು ಹಣ ಬೇಕು, ಅದು ಮುಗಿಯುವಷ್ಟರಲ್ಲಿ ಏನನ್ನು ಸಾಧಿಸಿ ತೋರಿಸುವಿರಿ ಎಂಬುದಿರಲಿ. ಷೇರು ಕೇಳದೆ 50 ಲಕ್ಷ ರೂಪಾಯಿವರೆಗೆ ಅನುದಾನ ನೀಡುವ ಕರ್ನಾಟಕ ಸರ್ಕಾರದ ಎಲಿವೇಟ್ ಯೋಜನೆಗೆ ಅರ್ಜಿ ಹಾಕುವವರಿಗೂ ಇದೇ ಬರಹ ಒದಗುತ್ತದೆ. ಪರಿಚಯದ ಇಮೇಲ್ ಇದರ ಸಾರವಾಗಿ ಐದಾರು ಸಾಲಿನಲ್ಲಿರಲಿ.

ಒಪ್ಪಂದ ಕುದುರಿದ ಮೇಲೂ ಕಾಗದಪತ್ರದ ಕೆಲಸ ಉಳಿದಿರುತ್ತದೆ. 2013ರ ಕಂಪನಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಖಾಸಗಿಯಾಗಿ ಷೇರು ನೀಡುವಾಗ, ಹಣ ಬಂದ 60 ದಿನಗಳೊಳಗೆ ಹಂಚಿಕೆ ಮಾಡಬೇಕು. ನಂತರ 15 ದಿನಗಳೊಳಗೆ, ಹಂಚಿಕೆಯ ವಿವರವನ್ನು ಕಂಪನಿ ರಿಜಿಸ್ಟ್ರಾರ್‌ಗೆ ತಿಳಿಸುವ ಪಿಎಎಸ್-3 ನಮೂನೆ ಸಲ್ಲಿಸಬೇಕು. ಅದನ್ನು ಸಲ್ಲಿಸುವ ತನಕ ಆ ಹಣ ಮುಟ್ಟುವಂತಿಲ್ಲ. ಖಾತೆಗೆ ಹಣ ಬಂತೆಂದು ಅದರಲ್ಲೇ ಸಂಬಳ ಕೊಡುವ ಆತುರ ಬೇಡ. ಈ ಕಾಗದಪತ್ರದ ಕೆಲಸ ಬಲ್ಲ ಕಂಪನಿ ಸೆಕ್ರೆಟರಿಯವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಆನಂತರ ಪ್ರತಿ ತಿಂಗಳು ಹೂಡಿಕೆದಾರರಿಗೆ ಒಂದು ಪುಟದ ಪತ್ರ ಕಳುಹಿಸಿ. ಅದರಲ್ಲಿ ಮಾರಾಟ, ಖರ್ಚು, ಉಳಿದ ಹಣ, ಕೆಟ್ಟ ಸುದ್ದಿ ಮತ್ತು ಬೇಕಾದ ನೆರವು, ಪ್ರತಿ ಸಲವೂ ಇದೇ ಕ್ರಮದಲ್ಲಿರಲಿ.