ಹಾಸ್ಯ ಆಪರೆಟ್ಟಾವನ್ನು ಕಛೇರಿ ವೇದಿಕೆಗೆ ಅಳವಡಿಸುವ ಬಗೆ

ವೇಷಭೂಷಣ, ರಂಗಸಜ್ಜಿಕೆ, ಅಭಿನಯಗಳಿಲ್ಲದೆ ಗಾಯಕವೃಂದ ಮತ್ತು ಪುಟ್ಟ ವಾದ್ಯವೃಂದ ಪ್ರಸ್ತುತಪಡಿಸುವಂತೆ ಹಾಸ್ಯ ಆಪರೆಟ್ಟಾವೊಂದನ್ನು (ಹಗುರ ಧಾಟಿಯ ಸಂಗೀತನಾಟಕವನ್ನು) ಅಳವಡಿಸಲು ಹೊರಟವರು, ರಂಗದ ಮೇಲೆ ಕಣ್ಣಿಗೆ ದಕ್ಕುತ್ತಿದ್ದ ನಗುವೆಲ್ಲ ಇಲ್ಲಿ ಕಿವಿಗೆ ದಕ್ಕಬೇಕಾಗಿದೆ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಯಾವ ಹಾಡನ್ನು ಉಳಿಸುವುದು, ಯಾವ ವಾದ್ಯವನ್ನು ಕೈಬಿಡುವುದು, ಎಲ್ಲಿ ಮಾತು ಸೇರಿಸುವುದು ಎಂಬ ಪ್ರತಿಯೊಂದು ತೀರ್ಮಾನವನ್ನೂ, ಹಾಡಿನ ಸಾಹಿತ್ಯ ಕೊನೆಯ ಸಾಲಿನಲ್ಲಿ ಕುಳಿತವರಿಗೂ ಸ್ಪಷ್ಟವಾಗಿ ಕೇಳಿಸುತ್ತದೆಯೇ ಎಂಬ ಒರೆಗಲ್ಲಿಗೆ ಹಚ್ಚಿ ನೋಡಬೇಕು.

ಮೊದಲ ಪ್ರಯತ್ನಕ್ಕೆ ಸಾಹಿತ್ಯ ಬರೆದ ಗಿಲ್ಬರ್ಟ್ ಮತ್ತು ಸಂಗೀತ ಹೊಂದಿಸಿದ ಸಲಿವನ್ ಜೋಡಿಯ ‘ಟ್ರಯಲ್ ಬೈ ಜ್ಯೂರಿ’ಗಿಂತ ಒಳ್ಳೆಯ ಕೃತಿ ನನಗೆ ಹೊಳೆಯುವುದಿಲ್ಲ. 1875ರಲ್ಲಿ ರಂಗಕ್ಕೆ ಬಂದ ಈ ಏಕಾಂಕದಲ್ಲಿ ಆಡುಮಾತಿನ ಸಂಭಾಷಣೆಯೇ ಇಲ್ಲ; ಎಲ್ಲವೂ ಹಾಡು. ಕಥೆ ನಡೆಯುವುದು ನ್ಯಾಯಾಲಯದಲ್ಲಾದ್ದರಿಂದ ಗಾಯಕವೃಂದ ಸಾಲಾಗಿ ನಿಂತಿದ್ದರೂ ಪಂಚಾಯ್ತರಂತೆಯೇ (ಜ್ಯೂರಿ ಸದಸ್ಯರಂತೆಯೇ) ಕಾಣುತ್ತದೆ. ‘ದ ಪೈರೇಟ್ಸ್ ಆಫ್ ಪೆನ್‌ಜಾನ್ಸ್’ನಂತಹ ಎರಡಂಕದ ಕೃತಿಗಳಲ್ಲಿ ಸಂಭಾಷಣೆ ಹೇರಳವಾಗಿರುವುದರಿಂದ ನಿರೂಪಕರೊಬ್ಬರು ಬೇಕಾಗುತ್ತಾರೆ. ಸಲಿವನ್ 1900ರಲ್ಲಿ, ಗಿಲ್ಬರ್ಟ್ 1911ರಲ್ಲಿ ತೀರಿಕೊಂಡ ಕಾರಣ ಇವರ ಮೂಲಕೃತಿಗಳಿಗೆ ಈಗ ಕೃತಿಸ್ವಾಮ್ಯದ ತೊಡಕಿಲ್ಲ. ಆದರೆ ಈಚಿನ ಸಂಪಾದಿತ ಆವೃತ್ತಿಗೆ, ಬೇರೊಬ್ಬರು ಮಾಡಿದ ವಾದ್ಯಸಂಯೋಜನೆಗೆ ಅಥವಾ ಅನುವಾದಕ್ಕೆ ಪ್ರತ್ಯೇಕ ಹಕ್ಕು ಇರಬಹುದಾದ್ದರಿಂದ, ಕೈಯಲ್ಲಿರುವ ಸ್ವರಲಿಪಿ ಯಾವ ಮುದ್ರಣದ್ದು ಎಂದು ಮೊದಲೇ ನೋಡಿಕೊಳ್ಳುವುದು ಲೇಸು.

ಕತ್ತರಿಸುವ ಕೆಲಸ ನಿರೂಪಣೆಯ ಬರವಣಿಗೆಯ ಜೊತೆಜೊತೆಗೇ ಸಾಗಬೇಕು. ಇದಕ್ಕೆ ‘ಪೈರೇಟ್ಸ್’ನಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಕಡಲ್ಗಳ್ಳರ ಬಳಿ ಕೆಲಸ ಕಲಿಯಲು ಸೇರಿದ ಫ್ರೆಡರಿಕ್‌ನ ಒಪ್ಪಂದ ಅವನ ಇಪ್ಪತ್ತೊಂದನೆಯ ವರ್ಷಕ್ಕಲ್ಲ, ಇಪ್ಪತ್ತೊಂದನೆಯ ಹುಟ್ಟುಹಬ್ಬಕ್ಕೆ ಮುಗಿಯುವಂಥದ್ದು. ಅವನು ಹುಟ್ಟಿದ್ದೋ ಫೆಬ್ರವರಿ 29ರಂದು. ಹುಟ್ಟುಹಬ್ಬಗಳ ಲೆಕ್ಕದಲ್ಲಿ ಅವನಿಗೆ ಐದು ದಾಟಿದೆ ಅಷ್ಟೆ. ಈ ವಿಚಿತ್ರ ಎರಡನೆಯ ಅಂಕದ ಮೂವರ ಹಾಡಿನಲ್ಲಿ ಬಯಲಾಗುತ್ತದೆ. ಕಥೆಯನ್ನು ಚುಟುಕಾಗಿಸುವ ಆತುರದಲ್ಲಿ ನಿರೂಪಕರೇ ಅದನ್ನು ಮುಂಚಿತವಾಗಿ ಹೇಳಿಬಿಟ್ಟರೆ, ಮೂವರೂ ನಗುತ್ತ ಹಾಡುವ ಆ ಹಾಡಿಗೆ ಸಭೆಯಲ್ಲಿ ನಗುವೇ ಉಳಿಯುವುದಿಲ್ಲ. ಆದ್ದರಿಂದ ನಿರೂಪಣೆ ಗುಟ್ಟಿನ ಒಂದು ಹೆಜ್ಜೆ ಹಿಂದೆಯೇ ನಿಲ್ಲಬೇಕು: ಕಡಲ್ಗಳ್ಳರ ರಾಜ ಮತ್ತು ಅವರ ಕೆಲಸದಾಕೆ ರೂತ್ ಫ್ರೆಡರಿಕ್‌ನನ್ನು ಹುಡುಕಿಕೊಂಡು ಬಂದರು ಎನ್ನುವಷ್ಟಕ್ಕೆ ನಿಲ್ಲಿಸಿ ಹಾಡಿಗೆ ದಾರಿ ಬಿಡಬೇಕು. ಎರಡು ಹಾಡುಗಳ ನಡುವೆ ಅರ್ಧ ನಿಮಿಷದ ಮಾತು ಸಾಕು. ಒಂದು ನಿಮಿಷ ದಾಟಿದರೆ ವಾದ್ಯಗಾರರೂ ಕೇಳುಗರೂ ಬಿಗಿ ಕಳೆದುಕೊಳ್ಳುತ್ತಾರೆ. ನಡುವಿನ ಹಾಡನ್ನು ತೆಗೆದಾಗ ಅಕ್ಕಪಕ್ಕದ ಹಾಡುಗಳ ಶ್ರುತಿ ಒಂದಕ್ಕೊಂದು ಒಗ್ಗದಿದ್ದರೆ, ಅಲ್ಲಿ ನಿರೂಪಣೆಯನ್ನಿಟ್ಟರೆ ಕಿವಿ ಹಿಂದಿನ ಶ್ರುತಿಯನ್ನು ಮರೆಯುತ್ತದೆ.

ಸಲಿವನ್ನನ ವಾದ್ಯವೃಂದ ಮೂಲದಲ್ಲೇ ದೊಡ್ಡದಲ್ಲ. ಸಾಮಾನ್ಯವಾಗಿ ಎರಡು ಫ್ಲೂಟ್, ಒಂದು ಓಬೋ, ಎರಡು ಕ್ಲಾರಿನೆಟ್, ಒಂದು ಬಸೂನ್, ಎರಡು ಹಾರ್ನ್, ಎರಡು ಕಾರ್ನೆಟ್, ಎರಡು ಟ್ರಾಂಬೋನ್ ಎಂಬ ಊದುವ ವಾದ್ಯಗಳು, ಜೊತೆಗೆ ತಾಳವಾದ್ಯ ಮತ್ತು ತಂತಿವಾದ್ಯಗಳು. ಇದನ್ನು ಹನ್ನೆರಡು ಹದಿಮೂರು ಮಂದಿಗೆ ಇಳಿಸುವಾಗ ನಾನು ಮೊದಲು ಬಿಡುವುದು ಟ್ರಾಂಬೋನ್‌ಗಳನ್ನು, ಆಮೇಲೆ ಎರಡನೆಯ ಕಾರ್ನೆಟ್ಟನ್ನು. ಹಾರ್ನ್‌ಗಳ ದೀರ್ಘಸ್ವರಗಳನ್ನು ಮಾತ್ರ ಸುಲಭವಾಗಿ ಬಿಡಬಾರದು, ಏಕೆಂದರೆ ಇಡೀ ಸ್ವರಮೇಳಕ್ಕೆ ನಡುವಿನ ತುಂಬು ಬರುವುದೇ ಅವುಗಳಿಂದ. ಒಂದೇ ಹಾರ್ನ್ ಸಿಕ್ಕಿದರೆ ಇನ್ನೊಂದರ ಸ್ವರವನ್ನು ವಯೋಲಾಗೋ (ಪಿಟೀಲಿಗಿಂತ ತುಸು ಕೆಳದನಿಯ ತಂತಿವಾದ್ಯ) ಬಸೂನ್‌ಗೋ ವಹಿಸಬೇಕು. ಓಬೋ ನುಡಿಸುವವರು ಸಿಗದಿದ್ದರೆ ಆ ಸಾಲನ್ನು ಕ್ಲಾರಿನೆಟ್‌ನ ಹಾಳೆಯಲ್ಲಿ ಸಣ್ಣ ಅಕ್ಷರದ ಸ್ವರಗಳಾಗಿ ಬರೆದಿಡಬಹುದು. ಆದರೆ ಬಿ ಫ್ಲ್ಯಾಟ್ ಕ್ಲಾರಿನೆಟ್ ಬರೆದುದಕ್ಕಿಂತ ಒಂದು ಪೂರ್ಣಸ್ವರ ಕೆಳಗೆ ಕೇಳಿಸುವುದರಿಂದ ಅಷ್ಟು ಮೇಲಕ್ಕೆ ಏರಿಸಿಯೇ ಬರೆಯಬೇಕು. ಪಿಯಾನೊ ಇದ್ದರೆ ಇಲ್ಲದ ವಾದ್ಯದ ಸ್ಥಾನವನ್ನಷ್ಟೇ ಅದು ತುಂಬಲಿ. ಎಲ್ಲವನ್ನೂ ಅದು ಮತ್ತೊಮ್ಮೆ ನುಡಿಸತೊಡಗಿದರೆ ತಂತಿವಾದ್ಯಗಳ ಮೀಟು ಮಸುಕಾಗುತ್ತದೆ.

‘ಪೈರೇಟ್ಸ್’ನ ಮೇಜರ್ ಜನರಲ್ ತನ್ನ ಪಾಂಡಿತ್ಯವನ್ನು ಪಟಪಟನೆ ಒಪ್ಪಿಸುವ ಹಾಡಿನಂತಹ ಕಡೆ ಅತಿ ಹೆಚ್ಚಿನ ಎಚ್ಚರ ಬೇಕು. ಇಲ್ಲಿ ಅತಿ ಕೆಳದನಿಯ ತಂತಿವಾದ್ಯವಾದ ಬಾಸ್ ಪೆಟ್ಟಿಗೆ ಪೆಟ್ಟು ಕೊಡಲಿ, ಉಳಿದ ತಂತಿಗಳು ಪೆಟ್ಟುಗಳ ನಡುವಿನ ಎದುರು ಪೆಟ್ಟಿನಲ್ಲಿ ಮೀಟಲಿ. ಗಾಯಕನ ಸ್ವರಗಳನ್ನೇ ಅನುಸರಿಸುವ ಕ್ಲಾರಿನೆಟ್ ಅಥವಾ ಬಸೂನ್ ಸಾಲುಗಳಿದ್ದರೆ ಹಿಂಜರಿಯದೆ ತೆಗೆಯಿರಿ. ಚರಣದ ಕೊನೆಯ ಸಾಲನ್ನು ವೃಂದ ಮತ್ತೆ ಮತ್ತೆ ಎತ್ತಿ ಹಾಡುವಾಗ ಆ ವಾದ್ಯಗಳು ಮರಳಿ ಬಂದರೆ ತುಂಬುಧ್ವನಿಯ ಸೊಗಸೂ ಉಳಿಯುತ್ತದೆ, ಒಂಟಿ ಗಾಯಕನ ಮಾತೂ ಕೇಳುತ್ತದೆ. ಜನರಲ್ ಪ್ರಾಸ ಸಿಗದೆ ತಡಕಾಡುವ ಜಾಗದಲ್ಲಿ ಸ್ವರಲಿಪಿಯ ಮೇಲೆ ತಡೆಗುರುತು ಹಾಕಿ, ವಾದ್ಯವೃಂದ ಪೂರ್ತಿ ಮೌನವಾಗುವಂತೆ ನೋಡಿಕೊಳ್ಳಬೇಕು. ಅಭಿನಯವಿಲ್ಲದ ವೇದಿಕೆಯಲ್ಲಿ ಆ ಮೌನವೇ ಅಭಿನಯ.

ಗಾಯಕವೃಂದದಲ್ಲಿ ಮೇಲುದನಿಯ ಗಂಡಸರಾದ ಟೆನರ್‌ಗಳ ಕೊರತೆ ಸಾಮಾನ್ಯ. ಗಂಡಸರೆಲ್ಲ ಒಂದೇ ಸ್ವರದಲ್ಲಿ ಹಾಡುವ ಭಾಗಗಳಿಗೆ ಇದರಿಂದ ಬಾಧಕವಿಲ್ಲ. ಉಳಿದೆಡೆ ಟೆನರ್ ಸಾಲು ತೀರಾ ಕೆಳಗಿಳಿಯದಿದ್ದರೆ ಕೆಳದನಿಯ ಹೆಂಗಸರಾದ ಆಲ್ಟೊಗಳಿಗೆ ಕೊಡಬಹುದು. ಆ ಜನರಲ್‌ನ ಮಗಳು ಮೇಬಲ್ ಮತ್ತು ಫ್ರೆಡರಿಕ್ ಮೂರು ಪೆಟ್ಟಿನ ವಾಲ್ಟ್ಸ್‌ನಲ್ಲಿ ಪ್ರೇಮ ತೋಡಿಕೊಳ್ಳುತ್ತಿರುವಾಗ ಹುಡುಗಿಯರು ಎರಡು ಪೆಟ್ಟಿನಲ್ಲಿ ಹವಾಮಾನದ ಬಗ್ಗೆ ಹರಟುವ ಜೋಡಿ ಗಾನಕ್ಕೆ, ಜೋಡಿಯನ್ನು ವೃಂದದಿಂದ ಸಾಕಷ್ಟು ದೂರ ನಿಲ್ಲಿಸಿ. ಹರಟೆಯನ್ನು ಪಿಸುಮಾತಿನಷ್ಟು ಮೆಲ್ಲಗೆ, ಆದರೆ ವ್ಯಂಜನಗಳನ್ನು ಚೂಪಾಗಿ ಉಚ್ಚರಿಸಿ ಹಾಡಿಸಿದರೆ ಎರಡು ಲಯಗಳೂ ಬೇರೆಬೇರೆಯಾಗಿ ಕಿವಿಗೆ ಬೀಳುತ್ತವೆ.

ಗಾಯಕರ ಪ್ರತಿಯಲ್ಲೂ ವಾದ್ಯಗಾರರ ಹಾಳೆಗಳಲ್ಲೂ ಬಾರ್ (ತಾಳದ ಆವರ್ತ) ಸಂಖ್ಯೆಗಳು ಒಂದೇ ಆಗಿರಲಿ. ಕತ್ತರಿಸಿದ ಭಾಗವನ್ನು ಬರಿಯ ಅಡ್ಡಗೆರೆಯಿಂದ ಸೂಚಿಸುವ ಬದಲು ಹಾಳೆಯನ್ನೇ ಹೊಸದಾಗಿ ಬರೆಯಿಸಿ. ನಿರೂಪಕರ ಪ್ರತಿ ಮಾತಿನ ಕೊನೆಯ ವಾಕ್ಯ ನಿರ್ದೇಶಕರ ಸ್ವರಲಿಪಿಯಲ್ಲೂ ಇರಬೇಕು. ಎಲ್ಲ ಸಿದ್ಧವಾದ ಮೇಲೆ ಕಥೆ ಗೊತ್ತಿಲ್ಲದ ಇಬ್ಬರು ಮೂವರನ್ನು ತಾಲೀಮಿಗೆ ಕರೆದು ಕೊನೆಯ ಸಾಲಿನಲ್ಲಿ ಕೂರಿಸಿ, ಕೈಗೆ ಸಾಹಿತ್ಯದ ಪ್ರತಿ ಕೊಡದೆ, ಅರ್ಥವಾಗದ ಜಾಗಗಳನ್ನು ಗುರುತಿಸಲು ಹೇಳಿ. ಅವರು ಗುರುತಿಸಿದ ಪ್ರತಿಯೊಂದು ಜಾಗದಲ್ಲೂ ಗಾಯಕರಿಗೆ ಜೋರಾಗಿ ಹಾಡಲು ಹೇಳುವ ಮುನ್ನ, ಯಾವುದಾದರೊಂದು ವಾದ್ಯದ ಸಾಲನ್ನು ತೆಗೆದು ನೋಡಿರಿ.